ಗಣಿಗೆ ಇಳಿಸುತ್ತೇವೆಂದು ಹಣ ಪಡೆದು ಸೈನೈಡ್ ದಿಬ್ಬ ಹತ್ತಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಪ್ರವಾಸ ವಿಭಾಗ, ಬೆಂಗಳೂರು

ಮಾನ್ಯರೇ,

ವಿಷಯ: ಕೋಲಾರ ಚಿನ್ನದ ಗಣಿಯ ಒಂದು ದಿನದ ಪ್ರವಾಸದಲ್ಲಿ ಕೊಟ್ಟ ಮಾತು ತಪ್ಪಿದ್ದು ಮತ್ತು ಮಕ್ಕಳನ್ನು ಅಪಾಯಕ್ಕೆ ಒಡ್ಡಿದ್ದು.

ಕಳೆದ ತಿಂಗಳ ಎರಡನೇ ಭಾನುವಾರ ನಾನು, ನನ್ನ ಮಗಳು ಮತ್ತು ಒಂಬತ್ತು ವರ್ಷದ ಮೊಮ್ಮಗ ನಿಮ್ಮ ಬಸ್ಸಿನಲ್ಲಿ ಕೆಜಿಎಫ್‌ಗೆ ಬಂದಿದ್ದೆವು. ತಲಾ 2,400 ರೂಪಾಯಿಯಂತೆ ಕಟ್ಟಿದ 7,200 ರೂಪಾಯಿಯ ರಸೀದಿಯನ್ನೂ ನಿಮ್ಮ ಜಾಹೀರಾತಿನ ಪ್ರತಿಯನ್ನೂ ಲಗತ್ತಿಸಿದ್ದೇನೆ.

ನಾನು ಮಳವಳ್ಳಿ ಕಡೆಯವನು, ವಿದ್ಯುತ್ ಇಲಾಖೆಯಿಂದ ನಿವೃತ್ತನಾದವನು. ನಾವು ಬ್ಲಫ್ ಎಂದು ಕರೆಯುವ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತಯಾರಾದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಈ ಗಣಿಗೆ. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹೊತ್ತಿದ್ದು ಅದಾಗಿ ಮೂರು ವರ್ಷಕ್ಕೆ. ಆ ತಂತಿ ಹೋಗಿ ಮುಟ್ಟಿದ ಜಾಗವನ್ನು ಒಮ್ಮೆ ನೋಡಬೇಕೆಂದು ನೌಕರಿಯಲ್ಲಿದ್ದಾಗಿನಿಂದಲೂ ಆಸೆ ಇಟ್ಟುಕೊಂಡಿದ್ದೆ. ಮೊಮ್ಮಗನಿಗೂ ತೋರಿಸೋಣವೆಂದು ಕರೆದುಕೊಂಡು ಬಂದೆ.

‘ಮೂರು ಕಿಲೋಮೀಟರ್ ಆಳದ ಗಣಿಯೊಳಗೆ ನಡೆದಾಡಿ’ ಎಂದು ನಿಮ್ಮ ಜಾಹೀರಾತಿನಲ್ಲಿದೆ. ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳದ್ದು ಎಂಬುದು ನಿಜ. ಆದರೆ ಈ ಗಣಿಗಳು 2001ರ ಫೆಬ್ರುವರಿ 28ರಂದೇ ಮುಚ್ಚಿವೆ. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ. ಅಲ್ಲಿಗೆ ಇಳಿಯಲು ಯಾರಿಂದಲೂ ಸಾಧ್ಯವಿಲ್ಲ. ಜಾಗ ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್‌ಗೆ ಸೇರಿದ್ದು. ನಿಮ್ಮವರ ಬಳಿ ಒಂದು ಅನುಮತಿ ಪತ್ರವೂ ಇರಲಿಲ್ಲ, ಗೇಟಿನ ಕಾವಲುಗಾರರು ನಮ್ಮನ್ನು ಒಳಗೆ ಬಿಡಲಿಲ್ಲ. ತಂತಿಬೇಲಿಯ ಆಚೆ ತುಕ್ಕು ಹಿಡಿದು ನಿಂತ, ಗಣಿಗೆ ಇಳಿಯುವ ಬಾವಿಯ ಅಂದರೆ ಶಾಫ್ಟಿನ ಕಬ್ಬಿಣದ ಗೋಪುರವನ್ನು ದೂರದಿಂದ ನೋಡಿ ಬಸ್ಸು ಹತ್ತಿದೆವು. ಇದಷ್ಟೇ ಆಗಿದ್ದರೆ ಹಣ ಹೋಯಿತೆಂದು ಸುಮ್ಮನಾಗುತ್ತಿದ್ದೆ.

ನಿಮ್ಮ ಮಾರ್ಗದರ್ಶಿ ಅಲ್ಲಿಂದ ನಮ್ಮನ್ನು ಸೈನೈಡ್ ದಿಬ್ಬಕ್ಕೆ ಕರೆದೊಯ್ದರು. ಸಿನಿಮಾ ಚಿತ್ರೀಕರಣ ನಡೆದ ಜಾಗ, ಫೋಟೊ ಚೆನ್ನಾಗಿ ಬರುತ್ತದೆ ಎಂದರು. ಅದು ಚಿನ್ನದ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಹುಡಿ. ತಲೆಮಾರುಗಳ ಕಾಲ ಸುರಿದು ಸುರಿದು ಗುಡ್ಡವಾಗಿದೆ. ಮಳೆ ಕೊರೆದ ಕೊರಕಲುಗಳಲ್ಲಿ ಮಕ್ಕಳನ್ನು ಜಾರಲು ಬಿಟ್ಟರು. ಜಾರಲೆಂದು ರಟ್ಟಿನ ತುಂಡುಗಳನ್ನು ಕೊಟ್ಟವರೂ ಅವರೇ. ನಾನು ಕೂಗಿ ಕರೆಯುವಷ್ಟರಲ್ಲಿ ಮೊಮ್ಮಗ ಎರಡು ಸಲ ಜಾರಿದ್ದ. ಅವನ ರೆಪ್ಪೆಯ ಮೇಲೆ, ತುಟಿಯ ಅಂಚಿನಲ್ಲಿ, ಉಗುರಿನ ಸಂದಿಯಲ್ಲಿ ಬೂದುಬಣ್ಣದ ಹುಡಿ ಮೆತ್ತಿಕೊಂಡಿತ್ತು. ನೀರಿನ ಬಾಟಲಿಯಲ್ಲಿ ಉಳಿದಿದ್ದ ನೀರಿನಲ್ಲೇ ಅವನ ಮುಖ ತೊಳೆದೆ. ಅರೆದ ಕಲ್ಲಿನ ಇಂಥ ಹುಡಿ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ. ಗಣಿ ಕಾರ್ಮಿಕರನ್ನು ತಿಂದ ಕಾಯಿಲೆ ಅದು. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಎಂಬ ಒಂದು ಮಾತನ್ನೂ ನಿಮ್ಮವರು ಹೇಳಲಿಲ್ಲ.

ಮಧ್ಯಾಹ್ನ ಕಾರ್ಮಿಕರ ಲೈನ್ ಮನೆಗಳ ನಡುವೆ ಬಸ್ಸು ನಿಲ್ಲಿಸಿ ‘ಹತ್ತು ನಿಮಿಷ ನೋಡಿಕೊಳ್ಳಿ’ ಎಂದರು. ಜನ ವಾಸವಾಗಿರುವ ಮನೆಗಳನ್ನು ಏನೆಂದು ನೋಡುವುದು? ಬಾಗಿಲಿನೊಳಗೆ ಮೊಬೈಲ್ ಹಿಡಿದವರನ್ನು ನಿಮ್ಮವರು ತಡೆಯಲಿಲ್ಲ. ಕೊಳಾಯಿಯ ಬಳಿ ಬಿಂದಿಗೆ ತುಂಬಿಸುತ್ತಿದ್ದ ಹೆಂಗಸರು ಸೆರಗು ಮುಖಕ್ಕೆ ಮುಚ್ಚಿಕೊಂಡು ಪಕ್ಕಕ್ಕೆ ಸರಿದರು. ನನಗೆ ತಲೆ ಎತ್ತಲಾಗಲಿಲ್ಲ.

ಅಲ್ಲಿ ಜಗಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರ ಬಳಿ ಹೋಗಿ ಕ್ಷಮೆ ಕೇಳಿದೆ. ನಾನು ಬ್ಲಫ್ ಕಡೆಯವನೆಂದು ತಿಳಿದಾಗ ಅವರ ಮುಖವೇ ಬದಲಾಯಿತು. ತಮಿಳು ಬೆರೆತ ಕನ್ನಡದಲ್ಲಿ, ‘ನಿಮ್ಮೂರ ಕರೆಂಟಿನಿಂದಲೇ ನಾವು ಇಳಿದದ್ದು, ಹತ್ತಿದ್ದು’ ಎಂದರು. ಒಳಗಿನಿಂದ ಗಣಿ ಕಾರ್ಮಿಕರ ಗುರುತಿನ ಹಿತ್ತಾಳೆಯ ಬಿಲ್ಲೆಯೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಅಂಚು ಸವೆದಿತ್ತು, ಬೆರಳಾಡಿಸಿದರೆ ಮಾತ್ರ ಅಂಕಿ ಸಿಗುತ್ತಿತ್ತು. ಆಳದಲ್ಲಿ ಬಂಡೆಯೇ 60 ಡಿಗ್ರಿ ಮೀರಿ ಕಾದಿರುತ್ತಿತ್ತಂತೆ, ತಣಿಸಿದ ಗಾಳಿಯನ್ನು ಮೇಲಿನಿಂದ ಕಳುಹಿಸುತ್ತಿದ್ದರಂತೆ. ಬಂಡೆ ಸಿಡಿದ ದಿನದ ಮಾತು ತೆಗೆದಿದ್ದರು, ಅಷ್ಟರಲ್ಲಿ ನಿಮ್ಮ ಚಾಲಕರು ಹಾರ್ನ್ ಹೊಡೆಯತೊಡಗಿದರು. ಮಾತು ಅರ್ಧಕ್ಕೆ ಬಿಟ್ಟು ಎದ್ದು ಬರಬೇಕಾಯಿತು. ಬಸ್ಸಿನಲ್ಲಿ ಮಾರ್ಗದರ್ಶಿಯವರು ಈ ಗಣಿಗೆ ಜೋಗದಿಂದ ಕರೆಂಟ್ ಬಂದಿತ್ತೆಂದು ಮೈಕಿನಲ್ಲಿ ಹೇಳುತ್ತಿದ್ದರು. ತಿದ್ದಿದೆ, ಅವರು ಕೇಳಿಸಿಕೊಳ್ಳಲಿಲ್ಲ.

ಆದ್ದರಿಂದ ನಮ್ಮ 7,200 ರೂಪಾಯಿಯನ್ನು ಪೂರ್ತಿ ಹಿಂದಿರುಗಿಸಬೇಕು. ಗಣಿಯೊಳಗೆ ಇಳಿಸುವ ಸುಳ್ಳು ಜಾಹೀರಾತನ್ನು ಇಂದೇ ತೆಗೆಯಬೇಕು. ಸೈನೈಡ್ ದಿಬ್ಬಕ್ಕೆ ಮಕ್ಕಳನ್ನಷ್ಟೇ ಅಲ್ಲ, ಯಾರನ್ನೂ ಕರೆದೊಯ್ಯಬಾರದು. ಆ ದಿನ ಬಂದಿದ್ದ ಮಕ್ಕಳ ತಂದೆತಾಯಿಯರಿಗೆ ಹುಡಿಯ ವಿಷಯ ತಿಳಿಸಿ ಪತ್ರ ಬರೆಯಬೇಕು. ಅಷ್ಟು ದುಡ್ಡು ತೆಗೆದುಕೊಳ್ಳುವ ನೀವು ಅಲ್ಲಿನ ನಿವೃತ್ತ ಕಾರ್ಮಿಕರಿಗೇ ತಕ್ಕ ಸಂಬಳ ಕೊಟ್ಟು ಊರು ತೋರಿಸಲು ಏಕೆ ಕೇಳಿಕೊಳ್ಳಬಾರದು? ಇದಕ್ಕೂ ಉತ್ತರ ಬೇಕು.

ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಆ ಹಿರಿಯರನ್ನು ಕಾಣಲು ಮುಂದಿನ ತಿಂಗಳು ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ನಾನೇ ಹೋಗುತ್ತಿದ್ದೇನೆ.

ಇಂತಿ,
ನಿಮ್ಮ ಪ್ರವಾಸಕ್ಕೆ ಬಂದಿದ್ದ ಮಳವಳ್ಳಿಯ ಪ್ರಯಾಣಿಕ