ಹಳೆ ಕಾರಿನ ಕಿಟಕಿಗೆ ಮನೆ ಗಾಜು ಬೇಡ

ಸಂಪಾದಕರೇ,

ಮೈಸೂರಿನಲ್ಲಿ ಇನ್ನೂ ಎಷ್ಟೋ ಮನೆಗಳ ಮುಂದೆ ಅಂಬಾಸಿಡರ್, ಪದ್ಮಿನಿ ಕಾರುಗಳಿವೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ಪಕ್ಕದ ಕಿಟಕಿ ಗಾಜು ಒಡೆದರೆ ಹೊಸದು ಸುಲಭವಾಗಿ ಸಿಗುವುದಿಲ್ಲ. ಆಗ ಕೆಲವು ಗ್ಯಾರೇಜಿನವರು ಮನೆ ಕಿಟಕಿಯ ಸಾದಾ ಗಾಜನ್ನೇ ಕತ್ತರಿಸಿ ಕೂರಿಸಿಬಿಡುತ್ತಾರೆ. ನಮ್ಮ ಕಾರಿಗೂ ಹಾಗೇ ಮಾಡಿದ್ದರು, ಮೂಲೆಯಲ್ಲಿ ಸುರಕ್ಷತಾ ಗಾಜಿನ ಗುರುತೇ ಇಲ್ಲ! ತಕ್ಷಣ ತೆಗೆಸಿದೆ. ಸಾದಾ ಗಾಜು ಒಡೆದರೆ ಚೂರಿಯಂಥ ತುಂಡಾಗುತ್ತದೆ, ಟಫನ್ಡ್ ಗಾಜು, ಅಂದರೆ ಕಾಯಿಸಿ ಬೇಗ ತಣಿಸಿ ಗಟ್ಟಿ ಮಾಡಿದ ಸುರಕ್ಷತಾ ಗಾಜು, ಸಣ್ಣ ಮೊಂಡು ಹರಳುಗಳಾಗಿ ಉದುರುತ್ತದೆ. ಒಳಗೆ ಮಕ್ಕಳು ಕೂತಿರುತ್ತಾರೆ ಅಲ್ವಾ? ಸುರಕ್ಷತಾ ಗಾಜೇ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೂ ಇದೆ.

ದಾರಿ ಇಲ್ಲದೇನಿಲ್ಲ. ಗಾಜು ಚಪ್ಪಟೆಯಾಗಿದ್ದರೆ ರಟ್ಟಿನಲ್ಲಿ ಅಚ್ಚು ತೆಗೆದು, ಅಳತೆಗೆ ಕತ್ತರಿಸಿ, ಅಂಚು ಉಜ್ಜಿಸಿ, ಆಮೇಲೆ ಟಫನ್ ಮಾಡಿಸಬಹುದು. ಟಫನ್ ಆದ ಮೇಲೆ ಕತ್ತರಿಸಲು ಹೋದರೆ ಇಡೀ ಗಾಜು ಪುಡಿಪುಡಿ, ಅದಕ್ಕೇ ಅಚ್ಚು ಸರಿಯಾಗಿರಬೇಕು. ಕೂರಿಸುವಾಗ ಗಾಜು ಜಾರುವ ಚಾನಲ್‌ನ ಒಳಗಿನ ಹಳೆ ಫೆಲ್ಟ್ ಬಟ್ಟೆಯ ಪಟ್ಟಿಯನ್ನೂ ಬದಲಿಸಿ, ಅದರಲ್ಲಿ ಸಿಕ್ಕಿಕೊಂಡ ಮರಳು ಹೊಸ ಗಾಜನ್ನು ಗೀರುತ್ತದೆ. ಬಾಗಿಲಿನೊಳಗೆ ಬಿದ್ದ ಚೂರುಗಳನ್ನು ಪೂರ್ತಿ ತೆಗೆಸಿ, ಇಲ್ಲದಿದ್ದರೆ ತಳದಲ್ಲಿ ನೀರು ಹೋಗುವ ತೂತು ಕಟ್ಟಿಕೊಂಡು ತುಕ್ಕು ಶುರು.

ಖರ್ಚು ಸ್ವಲ್ಪ ಜಾಸ್ತಿ, ನಿಜ. ಆದರೂ ಹಾಕಿದ್ದು ಯಾವ ಗಾಜು ಅಂತ ಗ್ಯಾರೇಜಿನವರು ಬಿಲ್ಲಿನಲ್ಲೇ ಬರೆದುಕೊಡಲಿ, ನೋಂದಣಿ ನವೀಕರಣಕ್ಕೆ ಕಾರು ಬಂದಾಗ ಆರ್‌ಟಿಒ ಅಧಿಕಾರಿಗಳೂ ಗಾಜಿನ ಗುರುತು ನೋಡಲಿ.

– ಓದುಗ, ಕುವೆಂಪುನಗರ, ಮೈಸೂರು