ಉಪಯೋಗಕ್ಕೆ ಬಾರದ ಕೋವಿ: ಮಗಳಿಗೊಂದು ಪತ್ರ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಅಜ್ಜನ ರೈಫಲ್ಲನ್ನು ಮಾರಿ ಕೈತೊಳೆದುಕೋ ಎಂದು ಫೋನಿನಲ್ಲಿ ನೀನು ಹೇಳಿದಾಗ ಸುಮ್ಮನಿದ್ದೆ. ಮಾತಿನಲ್ಲಿ ನಿನ್ನನ್ನು ಗೆಲ್ಲಲು ನನ್ನಿಂದ ಆಗುವುದಿಲ್ಲ. ಬರವಣಿಗೆಯಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನಿನ್ನ ವಾದದಲ್ಲಿ ಅರ್ಧ ಸರಿ ಇದೆ. ಆ ಕೋವಿಯಿಂದ ತೋಟಕ್ಕೆ ಕಾಸಿನ ಪ್ರಯೋಜನವಿಲ್ಲ. ಮಂಗ ಓಡಿಸಲು ನಿನ್ನ ಅಪ್ಪನ ಹನ್ನೆರಡು ಬೋರಿನ ಜೋಡುನಳಿಗೆ ಇದೆ. ಅವರಿಗೆ ಅದು ಹಾರೆ, ಕತ್ತಿ, ದೋಟಿಗಳ ಜೊತೆಗಿನ ಇನ್ನೊಂದು ಸಾಮಾನು, ಅಷ್ಟೆ. ಅದರ ಚರೆ ಸ್ವಲ್ಪ ದೂರ ಹೋಗಿ ಉದುರುತ್ತದೆ. ಅಜ್ಜನ ರೈಫಲ್ .375 ಬೋರಿನದು, ಅಂದರೆ ನಳಿಗೆಯ ಅಳತೆ ಇಂಚಿನ ಲೆಕ್ಕದಲ್ಲಿ ಅಷ್ಟು. ಅದರ ಗುಂಡು ಹಾಗಲ್ಲ. ಅಡಿಕೆ ಮರವನ್ನು ತೂರಿಕೊಂಡು ಹೋಗಿ, ಧರೆ ಅಡ್ಡ ಸಿಗದಿದ್ದರೆ ಆಚೆ ಗುಡ್ಡದ ಮನೆಯವರೆಗೂ ಹೋದೀತು. ಆದ್ದರಿಂದಲೇ ತೋಟದಲ್ಲಿ ಅದಕ್ಕೆ ತೋಟಾ (ಮದ್ದು, ಗುಂಡು ಕೂಡಿಸಿದ ಹಿತ್ತಾಳೆಯ ಕೊಳವೆ) ತುಂಬುವ ಮಾತೇ ಇಲ್ಲ.

ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿ ನೀನು .22 ಹೊಡೆದವಳು. ಅದರ ಗುಂಡು ಎರಡೂವರೆ ಗ್ರಾಂನಷ್ಟು ತೂಗುತ್ತದೆ. .375ರದ್ದು 19 ಗ್ರಾಂ, ಸೆಕೆಂಡಿಗೆ ಸುಮಾರು 760 ಮೀಟರ್ ವೇಗ. ಲೆಕ್ಕ ಹಾಕಿ ನೋಡು, ನಿನ್ನ .22ಕ್ಕಿಂತ 40 ಪಟ್ಟು ಶಕ್ತಿ. ಆ ಶಕ್ತಿಯ ಇನ್ನೊಂದು ತುದಿ ಹೊಡೆದವರ ಭುಜಕ್ಕೆ ಬರುತ್ತದೆ.

ಅಪ್ಪಯ್ಯ ನನಗೆ ಅದನ್ನು ಕಲಿಸಿದ್ದು ನಮ್ಮ ಹಳೆಯ ಜಂಬಿಟ್ಟಿಗೆ ಕಲ್ಲಿನ ಗುಂಡಿಯಲ್ಲಿ, ಮೂರು ಕಡೆ ಎತ್ತರದ ಧರೆ ಇದ್ದ ಜಾಗದಲ್ಲಿ. ಹುಡುಗಿಗೆ ಯಾಕೆ ಇದೆಲ್ಲ ಎಂದು ಅಜ್ಜಿ ಗೊಣಗುತ್ತಿದ್ದರು. "ಸಡಿಲ ಹಿಡಿದರೆ ಹೊಡೆಯುತ್ತದೆ, ಒತ್ತಿ ಹಿಡಿದರೆ ನೂಕುತ್ತದೆ" ಎಂದಷ್ಟೇ ಹೇಳಿ ಅಪ್ಪಯ್ಯ ನನ್ನ ಹಿಂದೆ ನಿಂತರು. ಟ್ರಿಗರ್ ಎಳೆದದ್ದು ಗೊತ್ತು, ಸದ್ದು ಕೇಳಿದ ನೆನಪೇ ಇಲ್ಲ. ನಳಿಗೆ ಮೇಲೆದ್ದಿತ್ತು, ನನ್ನ ಎಡಗಾಲು ಒಂದು ಹೆಜ್ಜೆ ಹಿಂದಿತ್ತು, ಎದುರಿನ ಧರೆಯಿಂದ ಕೆಂಪು ಧೂಳು ಇಳಿಯುತ್ತಿತ್ತು. ಸುಟ್ಟ ಮದ್ದಿನ ವಾಸನೆ ಮೂಗಿಗೆ ಬಂದಾಗ ನಾನು ನಗುತ್ತಿದ್ದೆ. ಇನ್ನೊಂದು ಕೊಡಿ ಎಂದದ್ದಕ್ಕೆ, "ಒಂದರ ಬೆಲೆ ಗೊತ್ತೇನು?" ಎಂದರು. ಆದರೂ ಕೊಟ್ಟರು. ಆ ನಗುವಿಗೆ ಕಾರಣ ಕೇಳಿದರೆ ಇವತ್ತಿಗೂ ನನ್ನ ಬಳಿ ನೆಟ್ಟಗಿನ ಉತ್ತರವಿಲ್ಲ.

ಆದರೆ ಬರೀ ಒದೆ ತಿನ್ನುವ ಹುಚ್ಚು ಇಷ್ಟು ವರ್ಷ ಬಾಳುವುದಿಲ್ಲ. ನೀನು ಯಂತ್ರ ವಿನ್ಯಾಸ ಓದಿದವಳು, ಇದನ್ನು ನಿನ್ನ ಕಣ್ಣಿನಿಂದಲೇ ನೋಡು. ಇಂಗ್ಲೆಂಡಿನ ಚಳಿಯಲ್ಲಿ ಸರಿಯಾಗಿ ಉರಿಯುವ ಕಾರ್ಡೈಟ್ ಮದ್ದು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಒತ್ತಡ ಮೀರಿದರೆ ಹಿತ್ತಾಳೆಯ ತೋಟಾ ಹಿಗ್ಗಿ ನಳಿಗೆಯ ಬುಡದಲ್ಲಿ ಕಚ್ಚಿಕೊಳ್ಳುತ್ತದೆ. ಗಾಯಗೊಂಡ ಕಾಟಿ (ಕಾಡುಕೋಣ) ಎದುರಿಗೆ ನಿಂತಿರುವಾಗ ಖಾಲಿ ತೋಟಾ ಈಚೆ ಬರಲಿಲ್ಲವೆಂದರೆ ಆ ಕಥೆ ಹೇಳಲು ಯಾರೂ ಉಳಿಯುವುದಿಲ್ಲ. 1912ರಲ್ಲಿ ಲಂಡನ್ನಿನ ಕೋವಿ ಕಂಪನಿ ಹಾಲೆಂಡ್ ಅಂಡ್ ಹಾಲೆಂಡ್‌ನವರು .375 ಮ್ಯಾಗ್ನಂ ಮಾಡಿದಾಗ ತೋಟಾವನ್ನು ಉದ್ದವಾಗಿ, ಬುಡದಿಂದ ತುದಿಗೆ ಸಪೂರವಾಗುತ್ತ ಹೋಗುವಂತೆ ರೂಪಿಸಿದರು. ಸಲೀಸಾಗಿ ಒಳಹೋಗುತ್ತದೆ, ಸಲೀಸಾಗಿ ಹೊರಬರುತ್ತದೆ. ಹಾಗೆ ಇಳಿಜಾರಾದದ್ದರಿಂದ ಅದು ಎಲ್ಲಿ ನಿಲ್ಲಬೇಕೆಂಬ ಸಮಸ್ಯೆ ಬಂತು. ಅದಕ್ಕೆ ಬುಡದಲ್ಲಿ ಒಂದು ಪಟ್ಟಿ ಕೊಟ್ಟರು. ಇನ್ನು ತೋಟಾವನ್ನು ಒಳಗೆ ದೂಡಿ ಹೊರಗೆ ಎಳೆಯುವ ನಮ್ಮ ಕೋವಿಯ ಬೋಲ್ಟ್ ಜರ್ಮನಿಯ ಮೌಸರ್ ಮಾದರಿಯದು. ಅದರ ಕೊಕ್ಕೆ ತೋಟಾ ಮೇಲೇಳುವಾಗಲೇ ಅದರ ಅಂಚನ್ನು ಹಿಡಿದು, ಹೊರಗೆಸೆಯುವವರೆಗೂ ಬಿಡುವುದಿಲ್ಲ. ಗಾಬರಿಯಲ್ಲಿ ಕೈ ನಡುಗಿದರೂ ಕೋವಿ ತಪ್ಪಬಾರದು ಎಂದು ಕುಳಿತು ಯೋಚಿಸಿದವರ ಕೆಲಸ ಅದು. ಬಿಸಿಲು, ಭಾರ, ಭಯ ಮೂರಕ್ಕೂ ಅದರಲ್ಲಿ ಉತ್ತರವಿದೆ. ಅಂಥ ವಸ್ತು ಕೈಯಲ್ಲಿದ್ದರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ದೊಡ್ಡ ಬೋರಿನ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಒಂದು ತಮಾಷೆಯ ಪಾಲಿದೆ. 1898ರಲ್ಲಿ ಲಂಡನ್ನಿನ ರಿಗ್ಬಿ ಕಂಪನಿ .450 ನೈಟ್ರೋ ಎಕ್ಸ್‌ಪ್ರೆಸ್ ಎಂಬ ತೋಟಾ ತಂದಿತು, ಶಿಕಾರಿಯವರು ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ಸರ್ಕಾರ ಆ ಬೋರನ್ನು ಭಾರತದಲ್ಲಿ ನಿಷೇಧಿಸಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲುಗಳ ಅಳತೆಯೂ ಅದೇ ಆದ್ದರಿಂದ, ದಂಗೆಯೇಳುವವರಿಗೆ ಮದ್ದುಗುಂಡು ಸಿಕ್ಕೀತೆಂಬ ಹೆದರಿಕೆ. ಕೋವಿ ಮಾಡುವವರು ಬಿಡುತ್ತಾರೆಯೇ? ಕೂದಲೆಳೆಯಷ್ಟು ಹಿಗ್ಗಿಸಿ .465, .470, .475 ಎಂದು ಸಾಲಾಗಿ ಹೊಸ ಅಳತೆಗಳನ್ನು ತಂದರು. ಇವತ್ತು ಆಫ್ರಿಕಾದಲ್ಲಿ .470ರ ಜೋಡುನಳಿಗೆ ಹಿಡಿದು ಬೀಗುವವರಿಗೆ ಅದರ ಹುಟ್ಟಿನ ಹಿಂದೆ ನಮ್ಮವರ ಮೇಲಿನ ಭಯ ಇದೆಯೆಂದು ಹೇಳಬೇಕು ಎನಿಸುತ್ತದೆ.

ಅದಕ್ಕಿಂತ ದೊಡ್ಡವೂ ಇವೆ. .600ರ ಗುಂಡು 58 ಗ್ರಾಂ, ಕೋವಿಯೇ ಏಳು ಕಿಲೋ. ಸಾಲದ್ದಕ್ಕೆ 1980ರ ದಶಕದಲ್ಲಿ .700 ಕೂಡ ಮಾಡಿದರು. ಇದು ನನಗೆ ಬರೀ ಮೀಸೆ ತಿರುವುವ ಕೆಲಸವಾಗಿ ಕಾಣುತ್ತದೆ. ಆಫ್ರಿಕಾದ ಹಲವು ದೇಶಗಳಲ್ಲಿ ಆನೆ, ಕಾಡೆಮ್ಮೆಗಳ ಬೇಟೆಗೆ ಕಾನೂನು ಒಪ್ಪುವ ಕನಿಷ್ಠ ಬೋರು .375. ಕನಿಷ್ಠದಲ್ಲೇ ಕೆಲಸ ಮುಗಿಯುವುದಾದರೆ ಉಳಿದದ್ದು ಯಾಕೆ?

ಬೇಟೆಯ ಮಾತು ಬಂತಲ್ಲ, ನಿನ್ನ ನಿಜವಾದ ಆಕ್ಷೇಪ ಅಲ್ಲಿದೆ ಎಂದು ನನಗೆ ಗೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬಾಗಿಲು ಮುಚ್ಚಿತು, ಮುಚ್ಚಿದ್ದು ಒಳ್ಳೆಯದಾಯಿತು. ತಲೆಗೆ ಬ್ಯಾಟರಿ ಕಟ್ಟಿಕೊಂಡು ರಾತ್ರಿ ಕಾಡು ನುಗ್ಗಿ, ಹೊಳೆದ ಕಣ್ಣಿಗೆಲ್ಲ ಈಡು ಹೊಡೆಯುವ ನಮ್ಮ ಕಡೆಯ ಕಳ್ಳ ಶಿಕಾರಿಯವರನ್ನು ಕಂಡರೆ ನನಗೆ ಹೇಸಿಗೆ. ಹೋದ ಬೇಸಿಗೆಯಲ್ಲಿ ಕೆಳಗಿನ ತೋಟಕ್ಕೆ ಕಾಟಿ ಬಂದು ಬಾಳೆ ಮುರಿದು ಹಾಕಿದಾಗ ನಿನ್ನ ಅಪ್ಪ ಡಬ್ಬ ಬಡಿದರು, ನಾನು ಅರಣ್ಯ ಇಲಾಖೆಗೆ ಫೋನು ಮಾಡಿದೆ. ಕಪಾಟಿನ ಬೀಗದ ಕೈ ಇಬ್ಬರಿಗೂ ನೆನಪಾಗಲಿಲ್ಲ. ಕೋವಿಯ ಮೇಲಿನ ಪ್ರೀತಿಗೂ ಕೊಲ್ಲುವ ಆಸೆಗೂ ಗಂಟು ಹಾಕಬೇಡ.

ಸಾಕುವುದು ಕಷ್ಟ, ಅದನ್ನೂ ಹೇಳಿಬಿಡುತ್ತೇನೆ. ಆಷಾಢದಲ್ಲಿ ಮರದ ಹಿಡಿಗೆ ಬೂಷ್ಟು, ಉಕ್ಕಿಗೆ ತುಕ್ಕು. ಚರ್ಮದ ಚೀಲದಲ್ಲಿಟ್ಟರೆ ತೇವ ಹೀರಿ ಕೆಟ್ಟೇಹೋಗುತ್ತದೆ. ಹಳೆಯ ತೋಟಾ ಹೊಡೆದ ಮೇಲೆ ಬರೀ ಎಣ್ಣೆ ಹಾಕಿದರೆ ಸಾಲದು. ಅದರ ಕೇಪಿನಿಂದ (ಮದ್ದಿಗೆ ಕಿಡಿ ಕೊಡುವ ಬುಡದ ಬಿಲ್ಲೆಯಿಂದ) ಉಳಿಯುವುದು ಒಂದು ಬಗೆಯ ಉಪ್ಪು, ನೀರಿಗೆ ಮಾತ್ರ ಕರಗುತ್ತದೆ. ಅಪ್ಪಯ್ಯ ಬಚ್ಚಲೊಲೆಯಿಂದ ಕುದಿಯುವ ನೀರು ತಂದು ನಳಿಗೆಗೆ ಸುರಿಯುತ್ತಿದ್ದರು. ಉಕ್ಕು ಕಾದು ತಾನಾಗಿಯೇ ಆರಿದ ಮೇಲೆ ಎಣ್ಣೆ ಬಟ್ಟೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠೇವಣಿ ಇಡಬೇಕು. ಒಮ್ಮೆ ಮಳೆಗಾಲ ಹತ್ತಿರವಿದ್ದಾಗ ಇಟ್ಟು, ವಾಪಸು ತಂದು ಬೋಲ್ಟಿನ ತುಕ್ಕು ಉಜ್ಜುತ್ತಾ ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಕೋವಿಯನ್ನು ನಿನ್ನ ಹೆಸರಿಗೆ ಮಾಡಿಸಬೇಕೆಂದು ನನ್ನ ಆಸೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, 25 ವರ್ಷ ಕೋವಿ ಇಟ್ಟುಕೊಂಡವರು ಅಥವಾ 70 ತುಂಬಿದವರು ಬದುಕಿರುವಾಗಲೇ ಅದನ್ನು ವಾರಸುದಾರರ ಹೆಸರಿಗೆ ಮಾಡಿಸಬಹುದು. ಮೊದಲನೆಯದು ನನಗೆ ಯಾವತ್ತೋ ಆಗಿದೆ. ನಿನಗೆ ಲೈಸೆನ್ಸ್ ಬೇಕು, ಅದಕ್ಕೆ ತರಬೇತಿಯ ಪ್ರಮಾಣಪತ್ರ ಬೇಕು. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸಿದಾಗ ಹೆಸರು ಕೊಟ್ಟರಾಯಿತು. ಆಧಾರ್‌ನಲ್ಲಿ ನಿನ್ನ ವಿಳಾಸ ಇನ್ನೂ ಊರಿನದೇ ಇರುವುದು ಈಗ ಉಪಯೋಗಕ್ಕೆ ಬಂತು. ಬೆಂಗಳೂರಿಗೆ ಬದಲಾಯಿಸಿಬಿಡಬೇಡ.

ಬೇಡವೆಂದರೆ ಬೇಡವೆನ್ನು, ಬೇಸರವಿಲ್ಲ. ಮಾರಲು ಗಿರಾಕಿಗಳಿಗೆ ಬರವಿಲ್ಲ. ವಿದೇಶಿ ಕೋವಿ ತರಿಸುವ ದಾರಿ ಮುಚ್ಚಿ ದಶಕಗಳಾಗಿವೆ, ಹಳೆಯದಕ್ಕೆ ಚಿನ್ನದ ಬೆಲೆ. ಆದರೆ ನನ್ನ ಮುಲಾಜಿಗೆ ಹ್ಞೂಂ ಎಂದು, ಆಮೇಲೆ ಕಪಾಟಿನಲ್ಲಿ ತುಕ್ಕು ಹಿಡಿಸಬೇಡ. ಬಂದಾಗ ಒಮ್ಮೆ ಬೋಲ್ಟ್ ಬಿಚ್ಚಿ ಮತ್ತೆ ಕೂಡಿಸು, ಆಮೇಲೆ ತೀರ್ಮಾನ ಹೇಳು. ಎರಡನೇ ಶನಿವಾರ ನೋಡಿಕೊಂಡು ಬರಬೇಡ. ಜಿಲ್ಲಾಧಿಕಾರಿ ಕಚೇರಿ ಮುಚ್ಚಿರುತ್ತದೆ, ಅರ್ಜಿ ವಿಚಾರಿಸಲು ಶಿವಮೊಗ್ಗಕ್ಕೆ ಇನ್ನೊಂದು ಸಲ ಬಸ್ ಹತ್ತಬೇಕಾಗುತ್ತದೆ.

ಇಂತಿ ನಿನ್ನ
ಅಮ್ಮ