ಆ ಡಬ್ಬಿ ತೆರೆಯಬೇಡ, ಶುಭಾ

ಡೊಂಬಿವಲಿ

ಪ್ರೀತಿಯ ಶುಭಾ,

ನಿನ್ನ ಪತ್ರ ಬಂತು. ಛತ್ರ, ಸೀರೆ, ಊಟದ ವಿಷಯವನ್ನೆಲ್ಲ ನಿನ್ನಮ್ಮನ ಹತ್ತಿರ ಮಾತಾಡಿದ್ದೇನೆ, ಅದು ಬಿಡು. ಕೊನೆಯಲ್ಲಿ ಬರೆದ ಒಂದು ಮಾತು ನನ್ನ ನಿದ್ದೆ ಕೆಡಿಸಿದೆ. ಮದುವೆಗೆ ಮುಂಚೆ ತೂಕ ಇಳಿಸಲು ಡಿಎನ್‌ಪಿ ಅನ್ನುವ ಹಳದಿ ಕ್ಯಾಪ್ಸೂಲ್ ತರಿಸಿದ್ದೀಯ. "ಮೈ ಸ್ವಲ್ಪ ಬಿಸಿಯಾಗುತ್ತಂತೆ ಮಾವ, ಹೆದರಬೇಕಾ?" ಅಂತ ಕೇಳಿದ್ದೀಯ. ಹೆದರಬೇಕು ಮಗಾ.

ಅದು ಡೈನೈಟ್ರೋಫಿನಾಲ್. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯಲ್ಲಿ ನನ್ನ ಹರೆಯ ಕಳೆದದ್ದು ಅದರ ಜೊತೆಗೇ. ಬಟ್ಟೆಗೆ ಹಾಕುವ ಸಲ್ಫರ್ ಬ್ಲ್ಯಾಕ್ ಬಣ್ಣವನ್ನು ಅದರಿಂದ ಮಾಡುತ್ತಿದ್ದೆವು. ಒಣಗಿದರೆ ಸಿಡಿಯುತ್ತದೆ ಅಂತ ಯಾವಾಗಲೂ ಒದ್ದೆಯಾಗಿಯೇ ಇಡುತ್ತಿದ್ದರು. ಉಗುರಿನ ಸಂದಿಯ ಹಳದಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ನಿನ್ನ ಅತ್ತೆ ನನ್ನ ಬನಿಯನ್‌ಗಳನ್ನು ಬೇರೆ ಬಕೆಟ್‌ನಲ್ಲೇ ಒಗೆಯುತ್ತಿದ್ದಳು.

ಕುಂದಾಪುರ ಕಡೆಯ ಒಬ್ಬ ಹುಡುಗ ನಮ್ಮ ಪಾಳಿಯಲ್ಲಿದ್ದ. ಹೆಚ್ಚುಕಮ್ಮಿ ನಿನ್ನದೇ ವಯಸ್ಸು. ಮೇ ತಿಂಗಳ ಸೆಖೆ. ಮಧ್ಯಾಹ್ನವಿಡೀ ಚೊಂಬುಗಟ್ಟಲೆ ನೀರು ಕುಡಿದ, ಅಂಗಿ ಹಿಂಡುವಷ್ಟು ಬೆವರು. ಸಂಜೆ ಕೈ ಹಿಡಿದರೆ ಸುಡುತ್ತಿತ್ತು. ಆಸ್ಪತ್ರೆಯಲ್ಲಿ ಐಸ್ ಇಟ್ಟರು, ಸಲೈನ್ ಹಾಕಿದರು. ಬಿಸಿ ಇಳಿಯಲೇ ಇಲ್ಲ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟ. ಅವನ ತಾಯಿಯನ್ನು ಕಂಡು ಬರಬೇಕು ಅಂತ ಬಹಳ ಆಸೆಯಿತ್ತು. ಊರಿಗೆ ಹೋದಾಗಲೆಲ್ಲ ಏನಾದರೊಂದು ಅಡ್ಡಿ. ಈಗ ಅವರೂ ಇಲ್ಲ. ಆ ಕೊರಗು ಇನ್ನೂ ಇದೆ.

ಡಿಎನ್‌ಪಿ ತರುವ ಈ ಬಿಸಿ ಜ್ವರದ ಬಿಸಿಯಲ್ಲ, ಶುಭಾ. ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಅನ್ನುವ ಪುಟ್ಟ ಒಲೆ ನಾವು ತಿಂದದ್ದನ್ನು ಉರಿಸಿ ಎಟಿಪಿ ಅನ್ನುವ ಶಕ್ತಿಯ ವಸ್ತು ಮಾಡುತ್ತದೆ, ಮೈ ನಡೆಯುವುದು ಅದರಿಂದ. ಡಿಎನ್‌ಪಿ ಅಲ್ಲಿ ಸೋರಿಕೆ ಮಾಡುತ್ತದೆ. ಟೆರೇಸಿನ ಟಾಕಿಗೆ ಪಂಪು ನೀರು ಏರಿಸುತ್ತಲೇ ಇರುತ್ತದೆ, ಪೈಪು ಒಡೆದು ಮನೆಗೆ ಮಾತ್ರ ನೀರಿಲ್ಲ, ಹಾಗೆ. ಕೊಬ್ಬು ಉರಿಯುತ್ತದೆ ನಿಜ, ಆದರೆ ಆ ಶಕ್ತಿಯೆಲ್ಲ ಬರೀ ಶಾಖವಾಗುತ್ತದೆ. ಪ್ಯಾರಾಸಿಟಮಾಲ್‌ಗೆ ಅದು ಬಗ್ಗುವುದಿಲ್ಲ. ಅದಕ್ಕೆ ಪ್ರತಿವಿಷವೂ ಇಲ್ಲ.

ಇದೇನು ಹೊಸ ವಿದ್ಯೆಯಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳ ಕೆಲಸಗಾರರು ಇದರಿಂದಲೇ ಸಣಕಲಾದರು, ಕೆಲವರು ಸತ್ತರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು ತೂಕ ಇಳಿಸಲು ಕೊಟ್ಟು ನೋಡಿದರು. ಜನ ಮುಗಿಬಿದ್ದರು. ಆಮೇಲೆ ಹರೆಯದ ಹೆಂಗಸರಿಗೆ ಕಣ್ಣಿನ ಪೊರೆ ಬರತೊಡಗಿತು, ಸಾವುಗಳೂ ಆದವು. 1938ರ ಹೊತ್ತಿಗೆ ಅಲ್ಲಿ ನಿಲ್ಲಿಸಿದರು.

ಬ್ಯಾಮ್15 ಅಂತ ಇದೇ ಥರ ಕೊಬ್ಬು ಉರಿಸುವ ಹೊಸದು ಬಂದಿದೆ, ಅದರಲ್ಲಿ ಬಿಸಿಯಾಗಲ್ಲ ಅಂತಲೂ ಜಿಮ್‌ನ ಹುಡುಗ ಹೇಳಿದನಂತಲ್ಲ. ನಾನೂ ಓದಿದೆ. 2020ರಲ್ಲಿ ಬಂದ ಆ ಫಲಿತಾಂಶ ಇಲಿಗಳದ್ದು. ಇಲಿಗೆ ಮೈ ಬಿಸಿಯಾಗಲಿಲ್ಲ ಅಂದಮಾತ್ರಕ್ಕೆ ನಿನಗೂ ಆಗಲ್ಲ ಅಂತ ಯಾರು ಹೇಳುತ್ತಾರೆ? ಎಚ್‌ಯು6 ಅನ್ನುವ ಇನ್ನೊಂದು ಔಷಧವನ್ನು ಮನುಷ್ಯರಿಗೆ ಕೊಟ್ಟು ನೋಡಿದ್ದಾರೆ. ಅದು ಮೈಯೊಳಗೆ ಡಿಎನ್‌ಪಿಯಾಗಿಯೇ ಬದಲಾಗುವಂಥದ್ದು, ವೈದ್ಯರ ಕಣ್ಗಾವಲಿನಲ್ಲಿ ಕೊಡುವಂಥದ್ದು. ಪಾರ್ಸೆಲ್‌ನಲ್ಲಿ ಬಂದ ಡಬ್ಬಿಯೊಳಗೆ ಎಷ್ಟು ಮಿಲಿಗ್ರಾಂ ಇದೆಯೋ ಯಾರು ಅಳೆದಿದ್ದಾರೆ?

ತೂಕದ ಬಗ್ಗೆ ನಾನು ಏನು ಹೇಳಲಿ, ನನಗೆ ಅಷ್ಟು ತಿಳಿಯದು. ಒಳ್ಳೆ ಡಾಕ್ಟರ ಹತ್ತಿರ ಹೋಗು, ಥೈರಾಯ್ಡ್ ಒಮ್ಮೆ ನೋಡಿಸು. ಅಷ್ಟಾದರೂ ಮಾಡು. ಹುಡುಗ ನಿನ್ನನ್ನು ನೋಡಿ ಒಪ್ಪಿದವನು, ತಕ್ಕಡಿ ನೋಡಿ ಅಲ್ಲ.

ಒಂದು ವೇಳೆ ಈಗಾಗಲೇ ನುಂಗಿದ್ದರೆ ಮುಚ್ಚಿಡಬೇಡ, ನಾನು ಬೈಯುವುದಿಲ್ಲ. ಮೈ ಬಿಸಿಯಾಗಲಿ ಅಂತ ಕಾಯಲೂ ಬೇಡ. ಡಬ್ಬಿ ಹಿಡಿದುಕೊಂಡು ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗು, ಡಿಎನ್‌ಪಿ ಅಂತ ಬಾಯಿಬಿಟ್ಟು ಹೇಳು. ನುಂಗಿಲ್ಲವಾದರೆ ಸಿಂಕಿಗೆ ಸುರಿಯದೆ ಹಾಗೇ ಇಡು. ಶನಿವಾರ ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತಿ ಪುಣೆಗೆ ಬರುತ್ತೇನೆ. ಪತ್ರ ಸಿಕ್ಕಿದ ಕೂಡಲೇ ಒಂದು ಫೋನ್ ಮಾಡು, ರಾತ್ರಿಯಾದರೂ ಪರವಾಗಿಲ್ಲ.

ನಿನ್ನ ಮಾವ